ಬಿಳಿಮುಟ್ಟು, ತುರಿಕೆ, ಕಿಬ್ಬೊಟ್ಟೆ ನೋವು: ಯಾವ ಸೋಂಕು, ಯಾವ ಪರೀಕ್ಷೆ, ಎಷ್ಟು ದಿನದ ಮಾತ್ರೆ

"ಬಿಳಿ ಹೋಗ್ತಿದೆ, ಯಾವ ಮಾತ್ರೆ ತಗೊಳ್ಳಲಿ?" ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಕೇಳುವವರಲ್ಲಿ ಮದುವೆಯಾಗದ ಹುಡುಗಿಯರಿದ್ದಾರೆ, ಬಾಣಂತಿಯರಿದ್ದಾರೆ, ಮುಟ್ಟು ನಿಂತು ಎಷ್ಟೋ ವರ್ಷವಾದವರೂ ಇದ್ದಾರೆ. ಇದಕ್ಕೆ ಒಂದು ಮಾತ್ರೆಯ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಬಿಳುಪು ಹೋಗುವುದು ಜ್ವರದ ಹಾಗೆ ಒಂದು ಲಕ್ಷಣ, ಅದೇ ಕಾಯಿಲೆಯಲ್ಲ. ಅದರ ಹಿಂದೆ ಬೂಷ್ಟು ಇರಬಹುದು, ಬ್ಯಾಕ್ಟೀರಿಯಾ ಇರಬಹುದು, ಬರಿಗಣ್ಣಿಗೆ ಕಾಣದ ಪರಾವಲಂಬಿ ಜೀವಿ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಬೂಷ್ಟಿನ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಬೂಷ್ಟು ಬೆಳೆಯಲು ಜಾಗ ಮಾಡಿಕೊಡುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ಎಲ್ಲರೂ ಹಿಡಿಯುವ ಅಡ್ಡದಾರಿ ಮೆಡಿಕಲ್ ಶಾಪ್. ಕೌಂಟರಿನಲ್ಲಿ ತಗ್ಗಿದ ದನಿಯಲ್ಲಿ "ವೈಟ್ ಡಿಸ್ಚಾರ್ಜ್" ಎಂದರೆ ಸಾಕು, ನಾಲ್ಕು ಮಾತ್ರೆಯ ಕಿಟ್ ಒಂದು ಕೈಗೆ ಬರುತ್ತದೆ: ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದು, ಅಜಿತ್ರೊಮೈಸಿನ್ 1 ಗ್ರಾಂ ಒಂದು, ಸೆಕ್ನಿಡಜೋಲ್ 1 ಗ್ರಾಂ ಎರಡು. ಮೂರು ಬಗೆಯ ಸೋಂಕಿಗೆ ಒಂದೇ ಸಲ ಗುರಿಯಿಟ್ಟ ಕಿಟ್ ಅದು. ಕೆಲವರಿಗೆ ವಾರದಲ್ಲಿ ಹಾಯೆನಿಸುತ್ತದೆ, ನಿಜ. ಆದರೆ ಇದ್ದದ್ದು ಏನು, ಹೋದದ್ದು ಏನು ಎಂದು ಯಾರಿಗೂ ಗೊತ್ತಿರುವುದಿಲ್ಲ. ತಿಂಗಳ ಮೇಲೆ ಅದೇ ತೊಂದರೆ ಮರಳಿದಾಗ ವೈದ್ಯರಿಗೂ ಜಾಡು ಸಿಗುವುದಿಲ್ಲ. ಆದ್ದರಿಂದ ನಾವು ಒತ್ತಿ ಹೇಳುವುದು ಇಷ್ಟು: ಮೊದಲು ನೋಡಿಸಿ, ಆಮೇಲೆ ನುಂಗಿ. ಕೆಳಗೆ ಬರೆದಿರುವ ಡೋಸ್‌ಗಳು ನಿಮ್ಮ ಕೈಯಲ್ಲಿರುವ ಚೀಟಿಯನ್ನು ಓದಿ ಅರ್ಥ ಮಾಡಿಕೊಳ್ಳಲಿಕ್ಕೆ. ಅಂಗಡಿಯಲ್ಲಿ ಕೇಳಿ ಕೊಳ್ಳಲಿಕ್ಕಲ್ಲ.

ತಡ ಮಾಡಬಾರದ ಲಕ್ಷಣಗಳು

ಹಂತಗಳಿಗೆ ಹೋಗುವ ಮುನ್ನ ಇದನ್ನು ನೋಡಿಕೊಳ್ಳಿ. ಕಿಬ್ಬೊಟ್ಟೆ ನೋವಿನ ಜೊತೆ ಜ್ವರ ಅಥವಾ ವಾಂತಿ. ಮುಟ್ಟು ತಪ್ಪಿದೆ, ಒಂದು ಪಕ್ಕದಲ್ಲಿ ಹೊಟ್ಟೆನೋವು, ತಲೆಸುತ್ತು. ಹೆರಿಗೆ ಅಥವಾ ಗರ್ಭಪಾತವಾದ ಮೇಲೆ ನಾತ ಬರುವ ಸ್ರಾವ ಮತ್ತು ಚಳಿಜ್ವರ. ಗರ್ಭಿಣಿಗೆ ನೀರು ಅಥವಾ ರಕ್ತ ಹೋಗುವುದು. ಇವುಗಳಲ್ಲಿ ಒಂದಿದ್ದರೂ ಅಂದೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿ ಸಿಗದಿದ್ದರೆ 108. ಎರಡನೆಯದು ಗರ್ಭನಾಳದಲ್ಲಿ ಕಟ್ಟಿದ ಗರ್ಭವಾಗಿರಬಹುದು. ಅದು ಒಡೆದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯ.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಸಂಭೋಗದ ನಂತರ ರಕ್ತ ಕಾಣುತ್ತಿದ್ದರೂ ಸೋಂಕು ಎಂದುಕೊಂಡು ಸುಮ್ಮನಿರಬೇಡಿ. ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು.

ಬಲಾತ್ಕಾರ ನಡೆದಿದ್ದರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ.

ಹಂತ 1: ಇದು ಸಹಜವೋ ಅಲ್ಲವೋ ನೋಡಿಕೊಳ್ಳಿ

ಯೋನಿ ಒಣಗಿರುವ ಜಾಗವಲ್ಲ. ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗದವೇ ಅವು. ಅವು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸಿ ಒಳಗಿನ ಪಿಎಚ್ ಅಂದರೆ ಹುಳಿಯ ಅಳತೆಯನ್ನು 3.8ರಿಂದ 4.5ರ ನಡುವೆ ಇಟ್ಟಿರುತ್ತವೆ. ಆ ಹುಳಿಯೇ ಕಾವಲು. ಮುಟ್ಟಾದ ಎರಡು ವಾರಕ್ಕೆ, ಅಂಡ ಬಿಡುಗಡೆಯಾಗುವ ಹೊತ್ತಿಗೆ, ಕೋಳಿಮೊಟ್ಟೆಯ ಬಿಳಿಭಾಗದಂತೆ ಎಳೆಎಳೆಯಾಗಿ ಸ್ರಾವ ಬರುತ್ತದೆ. ಮುಟ್ಟಿಗೆ ಮುಂಚೆ ಸ್ವಲ್ಪ ಗಟ್ಟಿ, ಬಿಳಿ. ಬಸುರಿನಲ್ಲಿ ಜಾಸ್ತಿ. ಬಟ್ಟೆಯ ಮೇಲೆ ಒಣಗಿದಾಗ ತಿಳಿ ಹಳದಿ ಕಲೆ ಬೀಳುವುದೂ ಸಹಜವೇ. ನಾತ, ತುರಿಕೆ, ಉರಿ, ನೋವು ಇಲ್ಲದಿದ್ದರೆ ಇದಕ್ಕೆ ಮದ್ದು ಬೇಡ.

"ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಎಂದು ಅಮ್ಮ, ಅತ್ತೆ ಹೇಳುತ್ತಾರೆ. ಮಜ್ಜಿಗೆ, ಮೆಂತ್ಯದ ನೀರು ಕುಡಿದರೆ ನಷ್ಟವಿಲ್ಲ. ಸೋಂಕಿದ್ದರೆ ಅದರಿಂದ ಹೋಗುವುದೂ ಇಲ್ಲ. ಬಿಳುಪು ಹೋದರೆ ಮೂಳೆ ಸವೆಯುತ್ತದೆ, ಶಕ್ತಿ ಕರಗುತ್ತದೆ ಎಂಬ ಭಯ ಬಹಳ ಹಳೆಯದು. ಹಾಗಾಗುವುದಿಲ್ಲ. ಸುಸ್ತು, ಸೊಂಟನೋವು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಬಹಳ ಸಲ ಕಾರಣ ರಕ್ತಹೀನತೆ.

ಹಂತ 2: ಮನೆಯಲ್ಲಿ ಗುರುತು ಮಾಡಿಕೊಳ್ಳಿ

ಡಾಕ್ಟರ ಮುಂದೆ ಕೂತಾಗ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಹಾಗಾಗಿ ಹೋಗುವ ಮೊದಲು ಮೊಬೈಲಿನಲ್ಲೋ ಚೀಟಿಯಲ್ಲೋ ಬರೆದಿಟ್ಟುಕೊಳ್ಳಿ. ಕಡೆಯ ಮುಟ್ಟಿನ ಮೊದಲ ದಿನ. ಯಾವಾಗಿನಿಂದ ತೊಂದರೆ. ಸ್ರಾವದ ಬಣ್ಣ, ಗಟ್ಟಿಯೋ ನೀರೋ, ನಾತ ಇದೆಯೋ, ಸಂಭೋಗದ ನಂತರ ನಾತ ಹೆಚ್ಚುತ್ತದೆಯೋ. ತುರಿಕೆ ಒಳಗೋ, ಹೊರತುಟಿಯಲ್ಲೋ, ತೊಡೆಸಂದಿಯಲ್ಲೋ. ಉರಿ ಮೂತ್ರ ಬರುವಾಗ ಒಳಗಿನಿಂದಲೋ, ಮೂತ್ರ ಚರ್ಮಕ್ಕೆ ತಾಗಿದಾಗ ಹೊರಗೋ. ಈ ಕೊನೆಯದು ಬಹಳ ಮುಖ್ಯ. ಒಳಗಿನ ಉರಿ, ಪದೇ ಪದೇ ಮೂತ್ರಕ್ಕೆ ಅವಸರ ಎಂದರೆ ಮೂತ್ರಕೋಶದ ಸೋಂಕಿರಬಹುದು, ಅದಕ್ಕೆ ಮೂತ್ರ ಪರೀಕ್ಷೆ ಬೇಕು. ಹೊರಗಿನ ಉರಿಯಾದರೆ ಬೂಷ್ಟು ಅಥವಾ ಹುಣ್ಣು.

ಇತ್ತೀಚೆಗೆ ನುಂಗಿದ ಆಂಟಿಬಯೋಟಿಕ್, ಹಚ್ಚಿದ ಮುಲಾಮು, ಸಕ್ಕರೆ ಕಾಯಿಲೆ, ಕಾಪರ್-ಟಿ ಹಾಕಿಸಿದ ದಿನಾಂಕ, ಯಾವ ಮದ್ದಿಗೆ ಅಲರ್ಜಿ, ಇವನ್ನೂ ಸೇರಿಸಿ. ಕಳೆದ ಮೂರು ತಿಂಗಳಲ್ಲಿ ನಿಮಗೋ ನಿಮ್ಮ ಗಂಡ ಅಥವಾ ಸಂಗಾತಿಗೋ ಹೊಸ ಸಂಪರ್ಕ ಇದ್ದಿದ್ದರೆ, ಅವರಿಗೆ ಮೂತ್ರದಲ್ಲಿ ಉರಿ, ಕೀವು, ಹುಣ್ಣು ಇದ್ದಿದ್ದರೆ ಅದನ್ನೂ ಹೇಳಿ. ಹೇಳಲು ಬಾಯಿ ಬರದಿದ್ದರೆ ಆ ಚೀಟಿಯನ್ನೇ ಕೈಗೆ ಕೊಡಿ. "ಮೇಡಂ, ಎಲ್ಲಾ ಇದರಲ್ಲಿ ಬರೆದಿದ್ದೀನಿ, ಒಂದ್ಸಲ ನೋಡಿ" ಎಂದರೆ ಸಾಕು.

ಹಂತ 3: ಪರೀಕ್ಷೆಗೆ ಎರಡು ದಿನ ಮುಂಚಿನಿಂದ

ಒಳಗೆ ತೊಳೆಯಬೇಡಿ. ಯೋನಿಯೊಳಗೆ ಇಡುವ ಮಾತ್ರೆ, ಕ್ರೀಮು ಬಳಸಬೇಡಿ. ಸಂಭೋಗ ಬೇಡ. ವೀರ್ಯ, ರಕ್ತ ಎರಡೂ ಪಿಎಚ್ ಏರಿಸಿ ಫಲಿತಾಂಶ ಕೆಡಿಸುತ್ತವೆ. ಮುಟ್ಟು ಜೋರಾಗಿದ್ದರೆ ಮುಗಿದ ಮೇಲೆ ಹೋಗಿ, ಆದರೆ ನೋವು ಜ್ವರ ಇದ್ದರೆ ಕಾಯಬೇಡಿ.

ಒಳಗೆ ತೊಳೆಯುವ ಅಭ್ಯಾಸದ ಬಗ್ಗೆ ಇಲ್ಲೇ ಒಂದು ಮಾತು. ಆಂಟಿಸೆಪ್ಟಿಕ್ ಬೆರೆಸಿದ ನೀರು, ಬೇವಿನ ಕಷಾಯ, ಅರಿಶಿನ, ಟಿವಿಯಲ್ಲಿ ತೋರಿಸುವ ಘಮಘಮಿಸುವ ದ್ರವ ಯಾವುದೂ ಒಳಕ್ಕೆ ಹೋಗಬಾರದು. ಅವು ಮೊದಲು ಕೊಲ್ಲುವುದು ಆ ಕಾವಲಿನ ಬ್ಯಾಕ್ಟೀರಿಯಾಗಳನ್ನೇ. ನಾತ ಬರುತ್ತದೆಂದು ತೊಳೆಯುತ್ತಾರೆ, ತೊಳೆದದ್ದರಿಂದ ನಾತ ಹೆಚ್ಚುತ್ತದೆ, ಮತ್ತೆ ತೊಳೆಯುತ್ತಾರೆ. ಹೊರಭಾಗಕ್ಕೆ ಬರೀ ನೀರು ಸಾಕು.

ಹಂತ 4: ಎಲ್ಲಿಗೆ ಹೋಗಬೇಕು

ಮನೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಿಂದ ಶುರು ಮಾಡಬಹುದು. ಸ್ತ್ರೀರೋಗ ತಜ್ಞರೇ ಬೇಕೆಂದರೆ ಕೆ.ಆರ್. ಮಾರ್ಕೆಟ್ ಬಳಿಯ ವಾಣಿ ವಿಲಾಸ, ಶಿವಾಜಿನಗರದ ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರದ ಜನರಲ್ ಆಸ್ಪತ್ರೆ ಇವೆ. ಬೆಳಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ "ಸುರಕ್ಷಾ ಕ್ಲಿನಿಕ್" ಎಂಬ ಬೋರ್ಡಿರುವ ಕೋಣೆ ಇರುತ್ತದೆ. ಲೈಂಗಿಕ ಸೋಂಕುಗಳಿಗೆಂದೇ ಇರುವ ಜಾಗ ಅದು: ಆಪ್ತಸಮಾಲೋಚಕರು ಇರುತ್ತಾರೆ, ಪರೀಕ್ಷೆ ಮತ್ತು ಮಾತ್ರೆ ಉಚಿತ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಕೇಂದ್ರ ಕೇಳಿ. ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಕರೆ ಮಾಡಿ, ಕರೆಗೆ ದುಡ್ಡಿಲ್ಲ. "ಗುಪ್ತರೋಗ" ಎಂದು ಬಸ್ ಸ್ಟ್ಯಾಂಡು, ರೈಲ್ವೆ ಗೋಡೆಗಳ ಮೇಲೆ ಅಂಟಿಸಿದ ನಂಬರುಗಳಿಗೆ ಹೋಗಬೇಡಿ.

ನೀವು 18 ದಾಟಿದವರಾದರೆ ನಿಮ್ಮ ಪರೀಕ್ಷೆಗೆ ಗಂಡನದ್ದಾಗಲಿ ತಾಯಿಯದ್ದಾಗಲಿ ಅನುಮತಿ ಬೇಡ. "ಮದುವೆ ಆಗಿದೆಯಾ?" ಎಂದು ಕೇಳುವುದು ಹಲವು ಕಡೆ ಸಂಭೋಗ ಆಗಿದೆಯಾ ಎಂದು ಕೇಳುವ ಸುತ್ತುದಾರಿ. ನೀವು ನೇರವಾಗಿ "ಸಂಪರ್ಕ ಆಗಿದೆ" ಅಥವಾ "ಆಗಿಲ್ಲ" ಎಂದೇ ಉತ್ತರಿಸಿ, ಏಕೆಂದರೆ ಸ್ಪೆಕ್ಯುಲಂ (ಯೋನಿಯೊಳಗೆ ನೋಡುವ ಸಾಧನ) ಹಾಕಬೇಕೇ ಬೇಡವೇ ಎಂಬುದು ಆ ಉತ್ತರದ ಮೇಲೆ ನಿಂತಿದೆ. 18 ತುಂಬದ ಹುಡುಗಿಗೆ ಲೈಂಗಿಕ ಸಂಪರ್ಕದಿಂದ ಬಂದ ಸೋಂಕು ಎಂದು ಕಂಡರೆ ವೈದ್ಯರು ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಆ ಭಯಕ್ಕೆ ಚಿಕಿತ್ಸೆ ತಪ್ಪಿಸಬೇಡಿ.

ಹಂತ 5: ಒಳಪರೀಕ್ಷೆಯಲ್ಲಿ ಏನು ನಡೆಯುತ್ತದೆ

ಮೂತ್ರ ಮಾಡಿ ಬಂದು, ಮೇಜಿನ ಮೇಲೆ ಕಾಲು ಮಡಿಸಿ ಮಲಗಬೇಕು. ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳುವುದು ನಿಮ್ಮ ಹಕ್ಕು. ಮೊದಲು ಹೊರಭಾಗ ನೋಡುತ್ತಾರೆ: ಹುಣ್ಣು, ನೀರುಗುಳ್ಳೆ, ನರುಳ್ಳೆ, ತೊಡೆಸಂದಿಯ ಗಡ್ಡೆ. ಆಮೇಲೆ ಸ್ಪೆಕ್ಯುಲಂ, ಅಂದರೆ ಬಾತುಕೋಳಿಯ ಕೊಕ್ಕಿನಂತೆ ಬಿಚ್ಚಿಕೊಳ್ಳುವ ಸಾಧನ. ಬಾಯಿಂದ ನಿಧಾನ ಉಸಿರು ಬಿಟ್ಟರೆ ಸ್ನಾಯು ಸಡಿಲವಾಗಿ ನೋವು ಕಡಿಮೆ. ಅದರ ಮೂಲಕ ಗರ್ಭಕೋಶದ ಬಾಯಿ ಕಾಣುತ್ತದೆ. ಕೀವು ಅಲ್ಲಿಂದ ಬರುತ್ತಿದೆಯೋ, ಯೋನಿಯ ಗೋಡೆಯಿಂದಲೋ ಎಂಬುದನ್ನು ಕಣ್ಣಿಂದ ನೋಡಿಯೇ ತಿಳಿಯಬೇಕು. ಒಳಗೆ ನೋಡದೆ ಚೀಟಿ ಬರೆದರೆ ಕತ್ತಲಲ್ಲಿ ಕಲ್ಲೆಸೆದಂತೆ. ಕೊನೆಗೆ ಎರಡು ಬೆರಳಿಂದ ಗರ್ಭಕೋಶದ ಬಾಯಿಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡುತ್ತಾರೆ. ಆಗ ಜೀವ ಹೋಗುವಂಥ ನೋವಾದರೆ ಸೋಂಕು ಮೇಲಕ್ಕೆ, ಗರ್ಭನಾಳಗಳಿಗೆ ಏರಿರಬಹುದು.

ಸ್ರಾವದ ಪರೀಕ್ಷೆ ಹತ್ತು ನಿಮಿಷದ ಕೆಲಸ, ದುಬಾರಿಯೂ ಅಲ್ಲ. ಹತ್ತಿ ಸುತ್ತಿದ ಕಡ್ಡಿಯಿಂದ ಯೋನಿಯ ಪಕ್ಕದ ಗೋಡೆಯ ಸ್ರಾವ ತೆಗೆದು ಪಿಎಚ್ ಕಾಗದಕ್ಕೆ ಒತ್ತುತ್ತಾರೆ. ಗರ್ಭಕೋಶದ ಬಾಯಿಯ ಲೋಳೆ ತಾಗಬಾರದು, ಅದು ಕ್ಷಾರ, ಅಳತೆ ತಪ್ಪಿಸುತ್ತದೆ. ಗಾಜಿನ ಪಟ್ಟಿಯ ಒಂದು ತುದಿಗೆ ಒಂದು ಹನಿ ಸಲೈನ್, ಇನ್ನೊಂದು ತುದಿಗೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ. ಎರಡರಲ್ಲೂ ಸ್ರಾವ ಕಲಸುತ್ತಾರೆ. ಎರಡನೆಯ ಹನಿಯಿಂದ ಹಸಿ ಮೀನಿನ ನಾತ ಗಪ್ಪನೆ ಎದ್ದರೆ ಅದು ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ನ (ಹಂತ 6 ನೋಡಿ) ಒಂದು ಸುಳಿವು. ಆಮೇಲೆ ಮೈಕ್ರೋಸ್ಕೋಪು. ಸಲೈನ್ ಹನಿಯಲ್ಲಿ ಯೋನಿಯ ಕೋಶಗಳು ಎಳ್ಳು ಮೆತ್ತಿದ ರೊಟ್ಟಿಯ ಹಾಗೆ ಬ್ಯಾಕ್ಟೀರಿಯಾ ಮೆತ್ತಿಕೊಂಡು, ಅಂಚೇ ಕಾಣದಂತೆ ಕಂಡರೆ ಅವು "ಕ್ಲೂ ಸೆಲ್", ಅದೇ ಸೋಂಕಿನ ಇನ್ನೊಂದು ಸುಳಿವು. ಬಾಲದಂಥ ಎಳೆಗಳನ್ನು ಬಡಿಯುತ್ತ ತಡವರಿಸಿ ಓಡಾಡುವ ಜೀವಿ ಕಂಡರೆ ಅದು ಟ್ರೈಕೊಮೊನಾಸ್ ಎಂಬ ಪರಾವಲಂಬಿ. ಹೈಡ್ರಾಕ್ಸೈಡ್ ಹನಿಯಲ್ಲಿ ಕೋಶಗಳೆಲ್ಲ ಕರಗಿ, ಬೂಷ್ಟಿನ ಕವಲೆಳೆಗಳು ಮಾತ್ರ ಉಳಿಯುತ್ತವೆ.

ಇಲ್ಲಿ ಎಡವುವುದು ಹೀಗೆ: ಟ್ರೈಕೊಮೊನಾಸ್ ತಣ್ಣಗಾದರೆ ಓಡಾಟ ನಿಲ್ಲಿಸುತ್ತದೆ, ಆಗ ಅದನ್ನು ಬಿಳಿ ರಕ್ತಕಣದಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಹನಿ ಹಾಕಿದ ಕೂಡಲೇ ಅಲ್ಲೇ ನೋಡಬೇಕು. ಬೆಳಗ್ಗೆ ತೆಗೆದ ಮಾದರಿಯನ್ನು ಮಧ್ಯಾಹ್ನ ಬೈಕಿನಲ್ಲಿ ಇನ್ನೊಂದು ಬಡಾವಣೆಯ ಲ್ಯಾಬಿಗೆ ಒಯ್ದರೆ "ಇಲ್ಲ" ಎಂಬ ವರದಿಯನ್ನು ನಂಬಲಾಗದು. ತಕ್ಷಣ ನೋಡಿದರೂ ಈ ಪರೀಕ್ಷೆ ಹಲವರಲ್ಲಿ ಅದನ್ನು ತಪ್ಪಿಸುತ್ತದೆ. ಅನುಮಾನ ಉಳಿದರೆ ಎನ್‌ಎಎಟಿ, ಅಂದರೆ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಪರೀಕ್ಷೆ ಬೇಕು. ಕ್ಲಮಿಡಿಯಾ, ಗೊನೋರಿಯಾ ಎಂಬ ಲೈಂಗಿಕ ಸೋಂಕುಗಳನ್ನು ಹಿಡಿಯಲೂ ಇದೇ ಒಳ್ಳೆಯದು. ನಗರದ ದೊಡ್ಡ ಖಾಸಗಿ ಲ್ಯಾಬುಗಳಲ್ಲಿ ಮಾಡುತ್ತಾರೆ.

ಇನ್ನೂ ಮೂರು ವರದಿಗಳು ವೃಥಾ ಗಾಬರಿ ಹುಟ್ಟಿಸುತ್ತವೆ. ಮೊದಲನೆಯದು ಪ್ಯಾಪ್ ಪರೀಕ್ಷೆಯ, ಅಂದರೆ ಗರ್ಭಕೋಶದ ಬಾಯಿಯ ಕೋಶಗಳನ್ನು ತೆಗೆದು ನೋಡುವ ಪರೀಕ್ಷೆಯ "ಇನ್‌ಫ್ಲಮೇಟರಿ ಸ್ಮಿಯರ್" (ಉರಿಯೂತ ಕಾಣುತ್ತಿದೆ ಎಂಬ ವರದಿ). ತೊಂದರೆಯೇನೂ ಇಲ್ಲದವರಿಗೆ ಅದಕ್ಕಾಗಿಯೇ ಆಂಟಿಬಯೋಟಿಕ್ ಬೇಡ, ಅದು ಕ್ಯಾನ್ಸರಿನ ಮುನ್ಸೂಚನೆಯೂ ಅಲ್ಲ. ಎರಡನೆಯದು ಯೋನಿ ಸ್ವಾಬ್ ಕಲ್ಚರಿನಲ್ಲಿ "ಇ. ಕೋಲೈ ಬೆಳೆದಿದೆ" ಎಂಬುದು. ಕರುಳಿನ ಈ ಬ್ಯಾಕ್ಟೀರಿಯಾ ಆರೋಗ್ಯವಂತರ ಯೋನಿಯಲ್ಲೂ ಸಿಗುತ್ತದೆ, ಪಕ್ಕದಲ್ಲಿ ಅಚ್ಚಾಗಿರುವ ಹತ್ತಾರು ಆಂಟಿಬಯೋಟಿಕ್ ಪಟ್ಟಿಯಲ್ಲಿ ಒಂದನ್ನು ಆರಿಸಿ ನುಂಗಬೇಕಿಲ್ಲ. ಮೂರನೆಯದು ರಕ್ತದಲ್ಲಿ "ಹರ್ಪಿಸ್ ಐಜಿಜಿ ಪಾಸಿಟಿವ್", ಅಂದರೆ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಎಂದೋ ತಗುಲಿದ್ದರ ಗುರುತು. ಬಾಲ್ಯದಲ್ಲಿ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ತಳಿಯಿಂದಲೂ ಹಾಗೆ ಬರಬಹುದು. ಹುಣ್ಣಿದ್ದಾಗ ಹುಣ್ಣಿನದೇ ಮಾದರಿ ತೆಗೆಯುವುದು ಸರಿಯಾದ ಪರೀಕ್ಷೆ.

ಸೋಂಕು ಯಾವುದೇ ಇರಲಿ, ಲೈಂಗಿಕವಾಗಿ ಹರಡುವುದು ಎಂದು ಕಂಡರೆ ಎಚ್‌ಐವಿ, ಸಿಫಿಲಿಸ್ (ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದುದು), ಹೆಪಟೈಟಿಸ್ ಬಿ ಪರೀಕ್ಷೆ ಒಟ್ಟಿಗೆ ಮಾಡಿಸಿ. ಸೋಂಕು ತಗುಲಿದ ಹೊಸದರಲ್ಲಿ ರಕ್ತದಲ್ಲಿ ಕಾಣುವುದಿಲ್ಲ. ಹಾಗಾಗಿ ಮೂರು ತಿಂಗಳ ಮೇಲೆ ಇನ್ನೊಮ್ಮೆ.

ಹಂತ 6: ಯಾವ ಸೋಂಕಿಗೆ ಯಾವ ಚಿಕಿತ್ಸೆ

ಬೂಷ್ಟು ಅಥವಾ ಕ್ಯಾಂಡಿಡಾ: ಒಡೆದ ಮೊಸರಿನಂಥ ಬಿಳಿ ಗಟ್ಟಿ, ನಾತವಿಲ್ಲ, ಪ್ರಾಣ ಹಿಂಡುವ ತುರಿಕೆ, ಹೊರತುಟಿ ಕೆಂಪಾಗಿ ಬಿರುಕು. ಪಿಎಚ್ ಏರಿರುವುದಿಲ್ಲ. ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಮಾತ್ರೆ, ಇಲ್ಲವೇ ಕ್ಲೊಟ್ರಿಮಜೋಲ್ 500 ಮಿಲಿಗ್ರಾಂ ಒಂದು ರಾತ್ರಿ ಒಳಗೆ ಇಡುವುದು, ಅಥವಾ 100 ಮಿಲಿಗ್ರಾಂನದು ಆರೇಳು ರಾತ್ರಿ. ಮಲಗುವ ಹೊತ್ತಿಗೆ, ಬೆರಳು ಹೋಗುವಷ್ಟು ಆಳಕ್ಕೆ ಇಡಿ. ಬೆಳಗ್ಗೆ ಪುಡಿಪುಡಿಯಾಗಿ ಹೊರಬಂದರೆ ಗಾಬರಿ ಬೇಡ. ಎಣ್ಣೆಯಂಶವಿರುವ ಕ್ರೀಮುಗಳು ಕಾಂಡೋಮನ್ನು ಮೆತ್ತಗೆ ಮಾಡಿ ಹರಿಸುತ್ತವೆ. ಗರ್ಭಿಣಿಯರು ಫ್ಲುಕೊನಜೋಲ್ ನುಂಗಬಾರದು, ಒಳಗಿಡುವ ಕ್ಲೊಟ್ರಿಮಜೋಲ್ 7 ದಿನ. ವರ್ಷಕ್ಕೆ ಮೂರು ನಾಲ್ಕು ಸಲ ಮರಳಿದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರ ಸಕ್ಕರೆ ಕಾಯಿಲೆ ಮೊದಲು ಗೊತ್ತಾಗುವುದೇ ಈ ತುರಿಕೆಯಿಂದ.

ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್: ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ತುಂಬಿಕೊಂಡ ಸ್ಥಿತಿ. ತೆಳು ಬೂದುಬಿಳಿ ಸ್ರಾವ, ಪಿಎಚ್ 4.5ಕ್ಕಿಂತ ಹೆಚ್ಚು, ಮೀನಿನ ನಾತ, ಕ್ಲೂ ಸೆಲ್. ನಾಲ್ಕರಲ್ಲಿ ಮೂರಿದ್ದರೆ ಖಚಿತ. ತುರಿಕೆ ಅಷ್ಟಾಗಿ ಇರುವುದಿಲ್ಲ. ಮೆಟ್ರೊನಿಡಜೋಲ್ 400 ಮಿಲಿಗ್ರಾಂ ದಿನಕ್ಕೆರಡು ಸಲ, ಊಟವಾದ ಮೇಲೆ, 7 ದಿನ. ಬಾಯಿ ಕಬ್ಬಿಣ ನೆಕ್ಕಿದಂತೆ ಆಗುತ್ತದೆ, ಹೊಟ್ಟೆ ತೊಳಸುತ್ತದೆ. ಹಲವರು ಮೂರನೇ ದಿನ ನಾತ ಹೋಯಿತೆಂದು ನಿಲ್ಲಿಸುವುದು ಇದಕ್ಕೇ. ನಿಲ್ಲಿಸಬೇಡಿ. ಮದ್ಯ ಬೇಡ.

ಟ್ರೈಕೊಮೊನಾಸ್: ಹಳದಿ-ಹಸಿರು, ನೊರೆನೊರೆ, ನಾತ, ಉರಿ. ಹೆಂಗಸರಿಗೆ ಮೆಟ್ರೊನಿಡಜೋಲ್ ಇದೇ ಡೋಸಿನಲ್ಲಿ 7 ದಿನ. ಸಂಗಾತಿಗೂ ಕಡ್ಡಾಯ. ಸರ್ಕಾರಿ ಕ್ಲಿನಿಕ್ಕಿನಲ್ಲಿ ಲ್ಯಾಬ್ ಸೌಲಭ್ಯ ಇಲ್ಲದ ಕಡೆ ಲಕ್ಷಣ ನೋಡಿಯೇ ಹಸಿರು ಕಿಟ್ ಕೊಡುತ್ತಾರೆ: ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ. ಅದು ರಾಷ್ಟ್ರೀಯ ಕಾರ್ಯಕ್ರಮದ ಕ್ರಮ, ಒಳಪರೀಕ್ಷೆ ಮಾಡಿ ಕೊಟ್ಟಿದ್ದರೆ ಒಪ್ಪಬಹುದು. ಗರ್ಭಿಣಿಯರು ಮಾತ್ರ ಬಸುರಿನ ವಿಷಯ ಮೊದಲೇ ಹೇಳಬೇಕು.

ಗರ್ಭಕೋಶದ ಬಾಯಿಯ ಸೋಂಕು (ಕ್ಲಮಿಡಿಯಾ, ಗೊನೋರಿಯಾ): ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕ್ಲಮಿಡಿಯಾ ಗೊತ್ತಾದರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು, 7 ದಿನ. ಗರ್ಭಿಣಿಗೆ ಅದು ಬೇಡ, ಅಜಿತ್ರೊಮೈಸಿನ್ 1 ಗ್ರಾಂ ಒಂದೇ ಸಲ. ಗೊನೋರಿಯಾಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಸರ್ಕಾರಿ ಬೂದು ಕಿಟ್‌ನಲ್ಲಿ ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ ಇರುತ್ತವೆ. ಡಾಕ್ಸಿಸೈಕ್ಲಿನನ್ನು ತುಂಬು ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಕೂತಿರಿ. ಗುಟುಕು ನೀರಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸಿನ ಮಾತ್ರೆ ಜೊತೆ ಬೇಡ, ಮದ್ದು ಮೈಗೆ ಹಿಡಿಯುವುದಿಲ್ಲ.

ಗರ್ಭನಾಳಕ್ಕೆ ಏರಿದ ಸೋಂಕು: ಪಿಐಡಿ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಕಿಬ್ಬೊಟ್ಟೆಯ ಎರಡೂ ಕಡೆ ನೋವು, ಸಂಭೋಗದಲ್ಲಿ ಆಳದ ನೋವು, ಕೆಲವೊಮ್ಮೆ ಜ್ವರ. ಚಿಕಿತ್ಸೆಗೆ ಮುಂಚೆ ಮೂತ್ರದಲ್ಲಿ ಗರ್ಭ ಪರೀಕ್ಷೆ ಆಗಲೇಬೇಕು. ಸೆಫಿಕ್ಸಿಮ್ ಅಥವಾ ಸೆಫ್ಟ್ರಿಯಾಕ್ಸೋನ್ ಒಂದು ಡೋಸು, ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ದಿನಕ್ಕೆರಡು ಸಲ ಪೂರ್ತಿ 14 ದಿನ. ಮೂರು ದಿನದಲ್ಲಿ, ಅಂದರೆ 72 ಗಂಟೆಯಲ್ಲಿ ನೋವು ತಗ್ಗದಿದ್ದರೆ ಮರಳಿ ಹೋಗಿ, ಒಳಗೆ ಕೀವುಗಡ್ಡೆ ಇರಬಹುದು. ಕಾಪರ್-ಟಿ ಇದ್ದರೆ ಆ ಕ್ಷಣಕ್ಕೆ ತೆಗೆಸಬೇಕೆಂದಿಲ್ಲ, ಸುಧಾರಿಸದಿದ್ದರೆ ತೆಗೆಯುತ್ತಾರೆ. ಈ ಸೋಂಕನ್ನು ಅರೆಬರೆ ಬಿಟ್ಟರೆ ಗರ್ಭನಾಳ ಒಳಗೊಳಗೇ ಅಂಟಿಕೊಂಡು ಮಕ್ಕಳಾಗುವುದು ಕಷ್ಟವಾಗುತ್ತದೆ. ನಾವು ಇಷ್ಟು ಉದ್ದ ಬರೆಯುತ್ತಿರುವುದರ ಮುಖ್ಯ ಕಾರಣ ಇದೇ. ಹಳೆಯ ನೋವು, ಮಕ್ಕಳಾಗದಿರುವುದು ಎರಡೂ ಇದ್ದರೆ ಗರ್ಭಕೋಶದ ಕ್ಷಯವನ್ನೂ ನೋಡಿಸಬೇಕು.

ಹುಣ್ಣುಗಳು: ಗೊಂಚಲು ನೀರುಗುಳ್ಳೆ ಒಡೆದು ಉರಿಯುವ ಸಣ್ಣ ಹುಣ್ಣಾದರೆ ಹರ್ಪಿಸ್, ಅಸೈಕ್ಲೊವಿರ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ, 7 ದಿನ. ಬೇಗ ಶುರು ಮಾಡಿದಷ್ಟೂ ಗುಣ ಹೆಚ್ಚು. ವೈರಸ್ ನರದಲ್ಲಿ ಉಳಿಯುವುದರಿಂದ ಮರಳಬಹುದು. ನೋವಿಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ಸಿಫಿಲಿಸ್ ಇರಬಹುದು. ಅದು ಚಿಕಿತ್ಸೆಯಿಲ್ಲದೆಯೂ ಮಾಯುತ್ತದೆ, ಮೋಸ ಇರುವುದೇ ಅಲ್ಲಿ: ಹುಣ್ಣು ಹೋಗಿ ಕಾಯಿಲೆ ರಕ್ತದಲ್ಲಿ ಮುಂದುವರಿಯುತ್ತದೆ. ಬೆಂಜಾಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಎರಡೂ ಪೃಷ್ಠಕ್ಕೆ ಅರ್ಧರ್ಧ. ಚುಚ್ಚಿಸಿಕೊಂಡು ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿ. ಅಂದು ರಾತ್ರಿ ಜ್ವರ, ಮೈನೋವು ಬಂದರೆ ಅದು ರೋಗಾಣು ಸಾಯುವಾಗಿನದ್ದು, ಅಲರ್ಜಿಯಲ್ಲ. ಗುಣವಾಯಿತೇ ಎಂದು ನೋಡುವುದು ವಿಡಿಆರ್‌ಎಲ್ ಪರೀಕ್ಷೆಯ ಅಂಕಿ ಇಳಿಯುವುದರಿಂದ. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಇರುತ್ತದೆ, ಅದನ್ನು ನೋಡಿ ಮತ್ತೆ ಮತ್ತೆ ಇಂಜೆಕ್ಷನ್ ತೆಗೆದುಕೊಳ್ಳಬೇಡಿ.

ತೊಡೆಸಂದಿಯ ತುರಿಕೆ ಬಹಳ ಸಲ ಬರೀ ಹುಳುಕಡ್ಡಿ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತಣ್ಣಗೆ ಮಾಡಿ ಆಮೇಲೆ ಅದನ್ನು ಇನ್ನಷ್ಟು ಹರಡಿಸುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೆಕ್ಲೊಮೆಥಾಸೋನ್ ಎಂದಿದ್ದರೆ ಹಚ್ಚಬೇಡಿ.

ಹಂತ 7: ಸಂಗಾತಿಯ ಚಿಕಿತ್ಸೆ

"ನಮ್ಮ ಯಜಮಾನರಿಗೆ ಏನೂ ತೊಂದರೆ ಇಲ್ಲ" ಎಂದು ಬಿಟ್ಟರೆ ನಿಮ್ಮ ಮಾತ್ರೆ ದಂಡ. ಟ್ರೈಕೊಮೊನಾಸ್, ಕ್ಲಮಿಡಿಯಾ ಗಂಡಸರಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಕೂತಿರುತ್ತವೆ. ಟ್ರೈಕೊಮೊನಾಸ್, ಕ್ಲಮಿಡಿಯಾ, ಗೊನೋರಿಯಾ, ಸಿಫಿಲಿಸ್, ಪಿಐಡಿ ಇವುಗಳಲ್ಲಿ ಅವರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಇಬ್ಬರದೂ ಮುಗಿಯುವವರೆಗೆ, ಒಂದೇ ಡೋಸಿನ ಮಾತ್ರೆಯಾದರೆ 7 ದಿನ, ಸಂಭೋಗ ಬೇಡ. ಬೂಷ್ಟಿಗೆ ಸಂಗಾತಿಗೆ ಮದ್ದು ಬೇಕಿಲ್ಲ, ಅವರಿಗೂ ತುರಿಕೆ ಇದ್ದರೆ ಮಾತ್ರ. ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ಗೂ ಬೇಡ ಎಂದೇ ಬಹಳ ಕಾಲ ಹೇಳುತ್ತಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಗಂಡಸರಿಗೂ ಮಾತ್ರೆ ಮತ್ತು ಕ್ರೀಮು ಕೊಟ್ಟ ಜೋಡಿಗಳಲ್ಲಿ ಮೂರು ತಿಂಗಳೊಳಗೆ ಮರಳಿದ್ದು 35%, ಕೊಡದವರಲ್ಲಿ 63%. ಪದೇ ಪದೇ ಮರಳುತ್ತಿದ್ದರೆ ವೈದ್ಯರಲ್ಲಿ ಇದನ್ನು ಕೇಳಿ.

ಸೋಂಕು ಯಾರಿಂದ ಯಾರಿಗೆ ಬಂತು ಎಂಬ ಜಗಳಕ್ಕೆ ವರದಿಯನ್ನು ಸಾಕ್ಷಿ ಮಾಡಿಕೊಳ್ಳಬೇಡಿ. ಕೆಲವು ಸೋಂಕುಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಳಿವು ಕೊಡದೆ ಇರುತ್ತವೆ. ಮನೆಯಲ್ಲಿ ಹೇಳಿದರೆ ಹೊಡೆತ ಬೀಳಬಹುದೆಂಬ ಭಯವಿದ್ದರೆ ಸುರಕ್ಷಾ ಕ್ಲಿನಿಕ್‌ನ ಆಪ್ತಸಮಾಲೋಚಕರಿಗೆ ಮೊದಲೇ ತಿಳಿಸಿ, ಹೇಗೆ ಹೇಳುವುದೆಂದು ಅವರು ದಾರಿ ತೋರುತ್ತಾರೆ. ಮಹಿಳಾ ಸಹಾಯವಾಣಿ 181.

ಹಂತ 8: ವಾಸಿಯಾಗದಿದ್ದರೆ, ಮರಳಿದರೆ

ಮಾತ್ರೆ ಮುಗಿದ ಒಂದು ವಾರಕ್ಕೆ ಮರುಭೇಟಿ. ಕ್ಲಮಿಡಿಯಾ ಬಂದಿದ್ದವರು ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿಕೊಳ್ಳಿ. ನಾಲ್ಕು ವಾರದೊಳಗೆ ಮಾಡಿಸಿದರೆ ಸತ್ತ ರೋಗಾಣುವಿನ ಚೂರು ಸಿಕ್ಕಿ ಸುಮ್ಮನೆ ಪಾಸಿಟಿವ್ ಬರಬಹುದು. ಮರಳಿ ಬಂದಾಗ ಹಳೆ ಚೀಟಿಯನ್ನೇ ಅಂಗಡಿಗೆ ತೋರಿಸಬೇಡಿ. ಮೊದಲ ಸಲ ಬೂಷ್ಟು, ಎರಡನೇ ಸಲ ಬೇರೆಯೇ ಆಗಿರುವುದು ಸಾಮಾನ್ಯ. ಹಳೆಯ ಚೀಟಿ, ವರದಿಗಳ ಫೋಟೋ ಮೊಬೈಲಿನಲ್ಲಿರಲಿ.

30 ದಾಟಿದವರು ಇದೇ ಭೇಟಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯನ್ನೂ ಕೇಳಿ. ಸರ್ಕಾರಿ ಕೇಂದ್ರದಲ್ಲಿ ದುರ್ಬಲ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂಥ ದ್ರವ ಹಚ್ಚಿ ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುತ್ತಾರೆ.

ಬಿಳುಪು ನಿಲ್ಲುತ್ತಿಲ್ಲ, ಗರ್ಭಕೋಶದ ಬಾಯಿಯಲ್ಲಿ "ಎರೋಷನ್" ಇದೆ, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ ಎಂದು ಯಾರಾದರೂ ಹೇಳಿದರೆ ಅಂದೇ ಸಹಿ ಹಾಕಬೇಡಿ. ಒಳಗಿನ ಪದರದ ಕೆಂಪು ಕೋಶಗಳು ಹೊರಗೆ ಕಾಣುವುದನ್ನೇ ಎರೋಷನ್ ಎನ್ನುತ್ತಾರೆ. ಅದು ಹುಣ್ಣಲ್ಲ, ಎಷ್ಟೋ ಹೆಂಗಸರಲ್ಲಿ ಸಹಜವಾಗಿ ಇರುತ್ತದೆ. ಸ್ರಾವದ ಮೈಕ್ರೋಸ್ಕೋಪ್ ಪರೀಕ್ಷೆ ಆಗಿದೆಯೇ, ಪ್ಯಾಪ್ ಅಥವಾ ಎಚ್‌ಪಿವಿ (ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ವರದಿ ಎಲ್ಲಿ, ಸ್ಕ್ಯಾನಿಂಗಿನಲ್ಲಿ ಏನಿದೆ, ಸಂಗಾತಿಗೆ ಚಿಕಿತ್ಸೆ ಆಗಿದೆಯೇ, ಸಕ್ಕರೆ ಎಷ್ಟಿದೆ ಎಂದು ಕೇಳಿ, ಆ ಕಾಗದಗಳನ್ನು ತೆಗೆದುಕೊಂಡು ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ.